ಊರಿನ ನಾಲ್ಕು ಗಂಟೆ ಅಲ್ಲಿ ಎಷ್ಟು ಗಂಟೆ?

ದೂರದ ವಿಮಾನ ಪ್ರಯಾಣದ ನಂತರ ಕಾಡುವ ಜೆಟ್ ಲ್ಯಾಗ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಜೂನ್‌ನಲ್ಲಿ ನಾನೂ ಯಜಮಾನರೂ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೊರಟಿದ್ದೇವೆ. ಹಿಂದೊಮ್ಮೆ ಹೋದಾಗ ಹತ್ತು ದಿನ ಒಂದೇ ಪಾಡು: ರಾತ್ರಿ 1 ಗಂಟೆಗೆ ಎಚ್ಚರ, ಹೊಟ್ಟೆ ಹಸಿವು, ಸಂಜೆ 4ಕ್ಕೆ ಕೂತಲ್ಲೇ ನಿದ್ದೆ. ಈ ಸಲ ಕೂಸನ್ನು ನೋಡಿಕೊಳ್ಳಬೇಕು. ಏನು ಮಾಡಲಿ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮ ದೇಹ ತಪ್ಪೇನೂ ಮಾಡಿರಲಿಲ್ಲ, ದಾವಣಗೆರೆಯ ವೇಳೆಯನ್ನೇ ಪಾಲಿಸುತ್ತಿತ್ತು. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿನ ರಾತ್ರಿ 1 ಗಂಟೆ ಎಂದರೆ ಇಲ್ಲಿ ಮಧ್ಯಾಹ್ನ ಒಂದೂವರೆ, ಊಟದ ಹೊತ್ತು. ಹಸಿವಾಗದೆ ಇರುತ್ತದೆಯೇ?

ದೇಹದ ಮುಖ್ಯ ಗಡಿಯಾರ ಇರುವುದು ಮಿದುಳಿನಲ್ಲಿ, ಎರಡು ಕಣ್ಣಿನ ನರಗಳು ಅಡ್ಡ ಹಾಯುವ ಜಾಗದ ಸ್ವಲ್ಪ ಮೇಲೆ. ಅದನ್ನು ತಿದ್ದುವ ಶಕ್ತಿ ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವ ಬೆಳಕಿಗಿದೆ. ಆದರೆ ಬೆಳಕು ಯಾವ ಹೊತ್ತಿನಲ್ಲಿ ಬಿತ್ತು ಎನ್ನುವುದರ ಮೇಲೆ ಗಡಿಯಾರ ಹಿಂದಕ್ಕೆ ಹೋಗುತ್ತದೋ ಮುಂದಕ್ಕೆ ಬರುತ್ತದೋ ಎನ್ನುವುದು ನಿಂತಿದೆ. ಬೆಳಿಗ್ಗೆ 6ರ ಸುಮಾರಿಗೆ ಏಳುವವರ ಮೈಬಿಸಿ ಬೆಳಗಿನ ಜಾವ 4ರ ಹೊತ್ತಿಗೆ ದಿನದಲ್ಲೇ ಅತಿ ಕಡಿಮೆ ಇರುತ್ತದೆ. ಅದೇ ಗೆರೆ. ಗೆರೆಗೆ ಮುಂಚಿನ ಕೆಲವು ಗಂಟೆಗಳ ಬೆಳಕು ಗಡಿಯಾರವನ್ನು ತಡಮಾಡಿಸುತ್ತದೆ, ಗೆರೆ ದಾಟಿದ ಮೇಲಿನ ಬೆಳಕು ಬೇಗಮಾಡಿಸುತ್ತದೆ. ಆದ್ದರಿಂದ ಎಲ್ಲಿಗೇ ಹೋಗಿ, ಮೊದಲು ಹಾಕಬೇಕಾದ ಲೆಕ್ಕ ಒಂದೇ: ನಮ್ಮೂರಿನ ಬೆಳಗಿನ ಜಾವ 4 ಗಂಟೆ ಅಲ್ಲಿ ಎಷ್ಟು ಗಂಟೆ?

ಸ್ಯಾನ್ ಹೋಸೆಯಲ್ಲಿ ಅದು ಮಧ್ಯಾಹ್ನ ಮೂರೂವರೆ. ನಿಮಗೆ ತೂಕಡಿಕೆ ಬಂದದ್ದು ಅದಕ್ಕೇ. ನೀವು ಹೋಗುತ್ತಿರುವ ದಿಕ್ಕಿನಲ್ಲಿ ಗಡಿಯಾರವನ್ನು ತಡಮಾಡಿಸುವುದೇ ಸುಲಭ. ಹಾಗಾಗಿ ತಲುಪಿದ ಮರುದಿನ ಬೆಳಿಗ್ಗೆ 11ರಿಂದ 3ರ ನಡುವೆ ಒಂದೆರಡು ಗಂಟೆ ಮನೆಯ ಹೊರಗಿರಿ. ನೆರಳಿನಲ್ಲಿ ಕೂತರೂ ಸಾಕು, ಆದರೆ ಕಿಟಕಿಯ ಒಳಗೆ ಕೂತರೆ ಸಾಲದು. ಮೂರೂವರೆಯಿಂದ ಹೊತ್ತು ಮುಳುಗುವವರೆಗೆ ಒಳಗಿರಿ, ಹೊರಗೆ ಹೋಗಲೇಬೇಕಾದರೆ ಕಪ್ಪು ಕನ್ನಡಕ ಹಾಕಿಕೊಳ್ಳಿ. ‘ನಿದ್ದೆ ಬರ್ತಿದೆ, ಹೊರಗೆ ಸುತ್ತಾಡಿ ಬಾಮ್ಮ’ ಎಂದು ಮಗಳು 5 ಗಂಟೆಗೆ ಕಳಿಸಿದರೆ ಆ ಬಿಸಿಲು ಗಡಿಯಾರವನ್ನು ಎದುರು ದಿಕ್ಕಿಗೆ ಎಳೆಯುತ್ತದೆ. ಹಿಂದಿನ ಸಲ ಹತ್ತು ದಿನ ಹಿಡಿದಿದ್ದಕ್ಕೆ ಇದೂ ಕಾರಣವಿರಬಹುದು.

ಈ ಗೆರೆ ದಿನಕ್ಕೆ ಸುಮಾರು ಒಂದೂವರೆ ಗಂಟೆ ಮುಂದೆ ಸರಿಯುತ್ತದೆ: ಎರಡನೇ ದಿನ 5 ಗಂಟೆ, ಮೂರನೇ ದಿನ ಆರೂವರೆ, ನಾಲ್ಕನೇ ದಿನ 8. ಅಂದರೆ ನಾಲ್ಕನೇ ದಿನದಿಂದ ಸಂಜೆಯ ವಾಕಿಂಗ್ ಧಾರಾಳವಾಗಿ ಮಾಡಿ, ಆಗ ಅದು ಔಷಧಿ. ಪೂರ್ತಿ ಹೊಂದಿಕೊಳ್ಳಲು ಎಂಟೊಂಬತ್ತು ದಿನ ಬೇಕೇಬೇಕು. ಹೊರಡುವ ಮುಂಚಿನ ಮೂರು ರಾತ್ರಿ ಮಲಗುವುದನ್ನೂ ಏಳುವುದನ್ನೂ ಒಂದೊಂದು ಗಂಟೆ ತಡಮಾಡುತ್ತ ಬಂದರೆ ಎರಡು ದಿನ ಉಳಿಯುತ್ತದೆ.

ಕೂಸಿನ ವಿಷಯ. ಮೊದಲ ಮೂರು ರಾತ್ರಿ ನಿಮಗೆ ಹೇಗೂ ಎಚ್ಚರವಾಗುತ್ತದೆ. 1ರಿಂದ 4ರವರೆಗಿನ ಪಾಳಿಯನ್ನು ನೀವೇ ವಹಿಸಿಕೊಂಡು ಬಾಣಂತಿಯನ್ನು ಮಲಗಲು ಬಿಡಿ. ಮಂದ ದೀಪ ಸಾಕು, ಟಿವಿ, ಮೊಬೈಲ್ ಬೇಡ. ನಾಲ್ಕನೇ ರಾತ್ರಿಯಿಂದ ಆ ಪಾಳಿ ಬಿಟ್ಟುಬಿಡಿ, ಇಲ್ಲದಿದ್ದರೆ ಅದೇ ಅಭ್ಯಾಸವಾಗುತ್ತದೆ. ಮಗುವಿಗೆ ಎರೆಯುವ ಕೆಲಸ ಬೆಳಿಗ್ಗೆ 10ರೊಳಗೆ ಮುಗಿಯಲಿ. ಮಧ್ಯಾಹ್ನ 2ರಿಂದ 6ರವರೆಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಸೋಫಾದಲ್ಲಿ ಕೂರಲೇಬೇಡಿ. ಜೊಂಪು ಹತ್ತಿದ್ದು ನಿಮಗೇ ಗೊತ್ತಾಗುವುದಿಲ್ಲ. ಮಗು ಜಾರಿ ಸೋಫಾದ ಸಂದಿಗೆ ಸಿಕ್ಕಿ ಉಸಿರುಗಟ್ಟುವ ಅಪಾಯ ನಿಜವಾಗಿಯೂ ಇದೆ. ತೊಟ್ಟಿಲಿಗೆ ಹಾಕಿಬಿಡಿ. ತಡೆಯಲಾರದಷ್ಟು ನಿದ್ದೆ ಬಂದರೆ ಅಲಾರಂ ಇಟ್ಟು 30 ನಿಮಿಷ ಮಾತ್ರ ಮಲಗಿ. ಒಂದು ಗಂಟೆ ದಾಟಿದರೆ ಗಾಢ ನಿದ್ದೆಗೆ ಜಾರಿ, ಎದ್ದಾಗ ತಲೆ ಇನ್ನಷ್ಟು ಭಾರ. ಕಾಫಿಯಲ್ಲಿನ ಕೆಫೀನ್ ಅರ್ಧ ಇಳಿಯಲಿಕ್ಕೇ ಐದಾರು ಗಂಟೆ ಬೇಕು, ಹಾಗಾಗಿ ಕೊನೆಯ ಲೋಟ ಮಧ್ಯಾಹ್ನ 1ರೊಳಗೆ. ನಡುರಾತ್ರಿಯ ಹಸಿವಿಗೆ ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಸಾಕು; ಅನ್ನ ಸಾರು ಬಡಿಸಿಕೊಂಡು ಕೂತರೆ ಹೊಟ್ಟೆ ಅದನ್ನೇ ನಾಳೆಯೂ ಕೇಳುತ್ತದೆ.

ಪ್ರಶ್ನೆ: ಕೆಲಸದ ಮೇಲೆ ಎರಡು ಮೂರು ತಿಂಗಳು ಲಂಡನ್‌ನಲ್ಲಿದ್ದು ಬರುತ್ತೇನೆ. ಹೋಗುವಾಗ ಎರಡು ದಿನಕ್ಕೆ ಸರಿಹೋಗುತ್ತದೆ. ಬೆಂಗಳೂರಿಗೆ ವಾಪಸ್ಸಾದಾಗ ಮಾತ್ರ ವಾರವಿಡೀ ರಾತ್ರಿ 2ರವರೆಗೆ ನಿದ್ದೆಯಿಲ್ಲ. ಬಂದ ಮರುದಿನವೇ ಬೆಳಿಗ್ಗೆ 6ಕ್ಕೆ ವಾಕಿಂಗ್ ಹೋಗುತ್ತೇನೆ, ಆದರೂ ಪ್ರಯೋಜನವಿಲ್ಲ. ಮೆಲಟೋನಿನ್ (ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಹಾರ್ಮೋನಿನ ಮಾತ್ರೆ) ತೆಗೆದುಕೊಳ್ಳಬಹುದೇ?
— ಓದುಗರು, ಬೆಂಗಳೂರು

ಉತ್ತರ: ಆ 6 ಗಂಟೆಯ ವಾಕಿಂಗೇ ನಿಮ್ಮ ಶತ್ರು. ಲಂಡನ್ನಿಗೆ ಒಗ್ಗಿದ ದೇಹಕ್ಕೆ ಅಲ್ಲಿನ 4 ಗಂಟೆಯೇ ಗೆರೆ. ಬೇಸಿಗೆಯಾದರೆ ಅದು ನಮ್ಮಲ್ಲಿ ಬೆಳಿಗ್ಗೆ ಎಂಟೂವರೆ, ಚಳಿಗಾಲವಾದರೆ ಒಂಬತ್ತೂವರೆ. ಅದಕ್ಕಿಂತ ಮುಂಚೆ ಬೆಳಕಿಗೆ ಬಿದ್ದರೆ ಗಡಿಯಾರ ಇನ್ನೂ ತಡವಾಗುತ್ತದೆ, ನಿಮಗೆ ಬೇಕಾದದ್ದು ಬೇಗವಾಗುವುದು. ಬೇಸಿಗೆಯಲ್ಲಿ ಬಂದರೆ ಮೊದಲ ದಿನ ಎಂಟೂವರೆಯವರೆಗೆ ಪರದೆ ಎಳೆದುಕೊಂಡಿರಿ, 9ರಿಂದ 12ರೊಳಗೆ ಒಂದು ಗಂಟೆ ಹೊರಗೆ ನಡೆಯಿರಿ. ಎರಡನೇ ದಿನ ಏಳೂವರೆಯ ನಂತರ, ಮೂರನೇ ದಿನ ಆರೂವರೆಯ ನಂತರ. ಅಲ್ಲಿಂದ ಮುಂದೆ ನಿಮ್ಮ ಎಂದಿನ ವಾಕಿಂಗ್. ಮಳೆಗಾಲದ ಮೋಡ ಎಂದು ಬಿಡಬೇಡಿ: ಮೋಡ ಕವಿದ ಆಕಾಶದ ಬೆಳಕೂ ಸಾವಿರಾರು ಲಕ್ಸ್ ಇರುತ್ತದೆ, ಮನೆಯ ಟ್ಯೂಬ್‌ಲೈಟಿನದು ಕೆಲವೇ ನೂರು.

ಹೋಗುವಾಗ ಸುಲಭ ಏಕೆಂದರೆ ಹೆಚ್ಚಿನವರ ದೇಹದ ಗಡಿಯಾರದ ಒಂದು ಸುತ್ತು 24 ಗಂಟೆಗಿಂತ ತುಸು ಉದ್ದ. ಪಶ್ಚಿಮಕ್ಕೆ ಹೋದಾಗ ದಿನ ಉದ್ದವಾಗುತ್ತದೆ, ಗಡಿಯಾರಕ್ಕೆ ಅದು ಹಿತ. ಪೂರ್ವಕ್ಕೆ ಬಂದಾಗ ದಿನಕ್ಕೆ ಒಂದೇ ಗಂಟೆಯಷ್ಟು ಸರಿದೂಗುತ್ತದೆ.

ಮೆಲಟೋನಿನ್ ನಿಮ್ಮಂಥ ಪೂರ್ವಮುಖಿ ಪ್ರಯಾಣಕ್ಕೇ ಹೆಚ್ಚು ಹೊಂದುತ್ತದೆ. 0.5ರಿಂದ 3 ಮಿಲಿಗ್ರಾಂ, ಬೆಂಗಳೂರಿಗೆ ಬಂದ ಮೇಲೆ ರಾತ್ರಿ ಒಂಬತ್ತೂವರೆಗೆ, ನಾಲ್ಕೈದು ರಾತ್ರಿ ಮಾತ್ರ. ಪ್ರಮಾಣಕ್ಕಿಂತ ಹೊತ್ತು ಮುಖ್ಯ. ರಾತ್ರಿ 2 ಗಂಟೆಗೆ ಎಚ್ಚರವಾಯಿತೆಂದು ನುಂಗಿದರೆ ಬೆಳಿಗ್ಗೆಯೆಲ್ಲ ಮಂಪರು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು, ಮೂರ್ಛೆರೋಗವಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮಾತ್ರೆ ತೆಗೆದುಕೊಂಡ ಮೇಲೆ ಗಾಡಿ ಓಡಿಸಬೇಡಿ.

ಪ್ರಶ್ನೆ: ನನಗೆ 64, ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆಗಳ ಜೊತೆ ರಾತ್ರಿ ಇನ್ಸುಲಿನ್ ಕೂಡ. ನ್ಯೂಜೆರ್ಸಿಗೆ ಹೋಗುವಾಗ ಯಾವ ಗಡಿಯಾರ ನೋಡಿಕೊಂಡು ತೆಗೆದುಕೊಳ್ಳಲಿ?
— ಓದುಗರು, ಹಾಸನ

ಉತ್ತರ: ಇನ್ಸುಲಿನ್‌ಗೆ ಗಂಟೆಗಳ ಅಂತರ ಮುಖ್ಯ. ಆ ಪ್ರಯಾಣದಲ್ಲಿ ನಿಮ್ಮ ದಿನ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಉದ್ದವಾಗುತ್ತದೆ, ಬರುವಾಗ ಅಷ್ಟೇ ಗಿಡ್ಡವಾಗುತ್ತದೆ. ಟಿಕೆಟ್ ಹಿಡಿದುಕೊಂಡೇ ಎರಡು ವಾರ ಮುಂಚೆ ವೈದ್ಯರ ಬಳಿ ಹೋಗಿ, ಹೋಗುವ ದಿನಕ್ಕೊಂದು, ಬರುವ ದಿನಕ್ಕೊಂದು ವೇಳಾಪಟ್ಟಿ ಬರೆಸಿಕೊಳ್ಳಿ. ಇನ್ಸುಲಿನ್ ಪೂರ್ತಿ ಕೈಚೀಲದಲ್ಲೇ ಇರಲಿ. ಕೆಳಗಿನ ಲಗೇಜಿನಲ್ಲಿ ಅದು ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿದ್ದು ಕರಗಿದರೂ ಬಳಸುವಂತಿಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಗ್ಲಿಮೆಪಿರೈಡ್ ಬಗ್ಗೆ. ಗಡಿಯಾರ ನೋಡಿ ಅದನ್ನು ನುಂಗಬೇಡಿ, ಊಟದ ಟ್ರೇ ಮುಂದೆ ಬಂದ ಮೇಲೆ ನುಂಗಿ. ಅಲ್ಲಿ ತಲುಪಿದ ಮೊದಲ ಸಂಜೆಗಳಲ್ಲಿ ಆಗುವ ಎಡವಟ್ಟು ಇದೇ: ಮಾತ್ರೆ ತೆಗೆದುಕೊಂಡು, ‘ಐದು ನಿಮಿಷ ಒರಗುತ್ತೇನೆ’ ಎಂದು ಮಲಗಿದವರು ಊಟವಿಲ್ಲದೆ ನಿದ್ದೆ ಹೋಗುತ್ತಾರೆ, ಸಕ್ಕರೆ ಇಳಿಯುತ್ತದೆ. ಬೆವರು, ನಡುಕ, ಗೊಂದಲ ಕಂಡರೂ ಮನೆಯವರು ಜೆಟ್ ಲ್ಯಾಗ್ ಎಂದುಕೊಂಡು ಎಬ್ಬಿಸುವುದಿಲ್ಲ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ. ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚರವಾದಾಗಲೆಲ್ಲ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ನಿದ್ದೆಯಿಂದ ಎಬ್ಬಿಸಿದರೂ ಏಳದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ತಕ್ಷಣ ಆಂಬುಲೆನ್ಸ್ ಕರೆಸಬೇಕು.

ಪ್ರಶ್ನೆ: ಮೂರು ವರ್ಷದ ಮಗ ಅಮೆರಿಕದಿಂದ ಬಂದಾಗಿನಿಂದ ನಡುರಾತ್ರಿ ಎದ್ದು ಆಟಕ್ಕೆ ಕರೆಯುತ್ತಾನೆ. ನಿದ್ದೆಗೆ ಶೀತದ ಸಿರಪ್ ಕೊಡಿ ಎಂದು ನೆಂಟರೊಬ್ಬರು ಹೇಳಿದರು.
— ಓದುಗರು, ಮೈಸೂರು

ಉತ್ತರ: ಕೊಡಬೇಡಿ. ಕೆಲವು ಮಕ್ಕಳು ಅದರಿಂದ ಇನ್ನಷ್ಟು ಚುರುಕಾಗಿ ಕುಣಿಯುತ್ತಾರೆ, ಪ್ರಮಾಣ ತಪ್ಪಿದರೆ ಅಪಾಯ. ಎದ್ದಾಗ ಜೀರೋ ಬಲ್ಬ್ ಬೆಳಕಿನಲ್ಲೇ ನಾಲ್ಕು ತುತ್ತು ಮೊಸರನ್ನ ತಿನ್ನಿಸಿ, ಸದ್ದಿಲ್ಲದ ಆಟಿಕೆ ಕೊಟ್ಟು ಪಕ್ಕದಲ್ಲಿರಿ. ಬೆಳಿಗ್ಗೆ ಎಷ್ಟೇ ಗಾಢವಾಗಿ ಮಲಗಿದ್ದರೂ 8ಕ್ಕೆ ಎಬ್ಬಿಸಿ. ಹಗಲಿನ ನಿದ್ದೆ ಒಂದೂವರೆ ಗಂಟೆ ಮೀರದಿರಲಿ. ಕರುಳು ಚುರುಕ್ಕೆನ್ನುತ್ತದೆ, ಆದರೂ ಎಬ್ಬಿಸಿ.

ಪ್ರಶ್ನೆ: ಮೂರೇ ದಿನಕ್ಕೆ ಫ್ರಾಂಕ್‌ಫರ್ಟ್‌ಗೆ ಹೋಗಿ ಬರಬೇಕು. ಹೊಂದಿಕೊಳ್ಳಲು ಈಗಿನಿಂದಲೇ ತಯಾರಿ ಬೇಕೇ?
— ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಅಷ್ಟರಲ್ಲಿ ಅರ್ಧ ಹೊಂದಿಕೊಂಡು ಮತ್ತೆ ತಿರುಗಿಸುವ ಪಾಡೇ ಹೆಚ್ಚು. ಬೇಸಿಗೆಯಲ್ಲಿ ಅಲ್ಲಿನ ಬೆಳಿಗ್ಗೆ 10 ನಮ್ಮ ಮಧ್ಯಾಹ್ನ ಒಂದೂವರೆ. ಮೀಟಿಂಗ್‌ಗಳನ್ನು 9ರಿಂದ 2ರೊಳಗೆ ಇರಿಸಿಕೊಳ್ಳಿ, ಸಂಜೆಯ ಊಟದ ಕೂಟಗಳಿಂದ ಬೇಗ ಎದ್ದು ಬಂದು 8ಕ್ಕೆ ಮಲಗಿ. ಬೆಳಿಗ್ಗೆ ಮೂರೂವರೆಗೆ ಎಚ್ಚರವಾದರೆ ಗಾಬರಿ ಬೇಡ, ಹುಬ್ಬಳ್ಳಿಯಲ್ಲಿ ಆಗ 7 ಗಂಟೆ. ಎದ್ದು ಮನೆಗೆ ಫೋನ್ ಮಾಡಿ.