ವಾರದ ಮೂಳೆ ಮಾತ್ರೆ ತಪ್ಪದಂತೆ

ಊರಲ್ಲಿ ಅಪ್ಪ, ಅಮ್ಮ ಇಬ್ಬರೇ ಇದ್ದಾರೆ, ಅಮ್ಮ ಮೂಳೆ ಸವೆತಕ್ಕೆ ಕೊಟ್ಟಿರುವ ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಮಾತ್ರೆ ಆಗಾಗ ತಪ್ಪಿಸುತ್ತಾರೆ, ಫೋನಲ್ಲಿ ನೆನಪಿಸಿದರೆ ರೇಗುತ್ತಾರೆ ಅಂತ ಬರೆದಿದ್ದೀರಿ. ನಮ್ಮ ಅತ್ತೆಯದೂ ಇದೇ ಕಥೆ. ಮೂಳೆ ಸವೆಯುವುದು ಗೊತ್ತಾಗುವುದಿಲ್ಲ, ಮಾತ್ರೆ ನುಂಗಿದರೂ ಏನೂ ವ್ಯತ್ಯಾಸ ಕಾಣುವುದಿಲ್ಲ, ಸುಮ್ನೆ ಯಾಕೆ ಅನ್ನಿಸುತ್ತೆ ಅವರಿಗೆ.

ನಾವು ಮರೆವು ಅಂದುಕೊಂಡಿದ್ದೆವು. ನಿಜವಾದ ಅಡ್ಡಿ ಕಾಫಿ! ಈ 70 ಮಿಲಿಗ್ರಾಂ ಮಾತ್ರೆಯನ್ನು ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟದ ತುಂಬ ಬರೀ ನೀರಿನ ಜೊತೆ ನುಂಗಬೇಕು, ಆಮೇಲೆ ಕನಿಷ್ಠ ಅರ್ಧ ಗಂಟೆ ಮಲಗುವ ಹಾಗಿಲ್ಲ, ತಿಂಡಿ ಕಾಫಿ ಏನೂ ಇಲ್ಲ. ಎದುರಿಗೇ ಮಾವ ಬಿಸಿ ಕಾಫಿ ಹೀರುತ್ತಾ ಕೂತರೆ ಪಾಪ ಯಾರು ತಡೆದುಕೊಳ್ಳುತ್ತಾರೆ? ಅದಕ್ಕೆ ಶನಿವಾರ ಮಾವನೂ ಕಾಯುವುದು ಅಂತ ಒಪ್ಪಿಸಿದೆವು. ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಹೂ ಕಟ್ಟುತ್ತಾರೆ, ಮಾವ ಪೇಪರ್ ಓದಿ ಹೇಳುತ್ತಾರೆ, ಆಮೇಲೆ ಇಬ್ಬರಿಗೂ ಕಾಫಿ. ನೀವೂ ಅಮ್ಮನಿಗೆ ಫೋನ್ ಮಾಡುವ ಬದಲು ಅಪ್ಪನನ್ನು ಹಿಡಿಯಿರಿ.

ತಪ್ಪಿದರೆ ಬೈಯಬೇಡಿ. ನೆನಪಾದ ಮಾರನೇ ಬೆಳಿಗ್ಗೆ ಒಂದು ತಗೊಂಡು, ಮತ್ತೆ ಮಾಮೂಲಿ ವಾರಕ್ಕೆ ಬಂದರಾಯಿತು. ಒಂದೇ ದಿನ ಎರಡು ಬೇಡವೇ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೆ ಕೊಡಬೇಡಿ, ನಾವು ಮಧ್ಯಾಹ್ನ ಊಟದ ಹೊತ್ತಿಗೆ ಕೊಡುತ್ತೇವೆ. ಎದೆಯುರಿ ಬಂದರೆ, ನುಂಗುವಾಗ ನೋವಾದರೆ ಮಾತ್ರ ಬಲವಂತ ಮಾಡದೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಈ ಮಾತ್ರೆಯ ಬದಲು ವರ್ಷಕ್ಕೊಮ್ಮೆ ಡ್ರಿಪ್ ಹಾಕಿ ಕೊಡುವ ಜೊಲೆಡ್ರೊನಿಕ್ ಆಸಿಡ್ ಅನ್ನುವ ಮೂಳೆ ಔಷಧಿ ಕೂಡ ಇದೆ, ಅಮ್ಮನಿಗೆ ಹೊಂದುತ್ತದಾ ಅಂತ ಆಗಲೇ ಕೇಳಿ ನೋಡಿ.