ಕಾರವಾರದ ಮೀನುಗಾರರ ಮೊಬೈಲ್ ಬಳಕೆಯ ಅಧ್ಯಯನಕ್ಕೆ ಡೇನಿಯಲ್ ಬೆಲ್ ಸಿದ್ಧಾಂತವೋ, ಕ್ಯಾಸ್ಟೆಲ್ಸ್ ಸಿದ್ಧಾಂತವೋ?

ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಹಳೆಯ ಸಂಶೋಧನಾ ಪ್ರಸ್ತಾವನೆಯನ್ನು ಯಾರೋ ತಂದು ಮುಂದಿಟ್ಟಂತಾಯಿತು. ಮೀನುಗಾರರಲ್ಲಿ ಸಮೀಕ್ಷೆ ಮಾಡಿ, ನಮ್ಮ ಕರಾವಳಿ ಮಾಹಿತಿ ಸಮಾಜವಾಗಿದೆಯೆಂದು, ಅಂದರೆ ಬದುಕು-ವ್ಯವಹಾರಗಳ ಕೇಂದ್ರದಲ್ಲಿ ಮಾಹಿತಿಯೇ ಇರುವ ಸಮಾಜವಾಗಿದೆಯೆಂದು ತೋರಿಸಲು, ಸಮಾಜಶಾಸ್ತ್ರಜ್ಞರಾದ ಬೆಲ್ ಮತ್ತು ಕ್ಯಾಸ್ಟೆಲ್ಸ್ ಇಬ್ಬರಲ್ಲಿ ಯಾರ ಸಿದ್ಧಾಂತ ಒಗ್ಗುತ್ತದೆ ಎಂದು ಕೇಳಿದ್ದೀರಿ. 2011ರ ಅಕ್ಟೋಬರಿನಲ್ಲಿ ನಾನು ಇದೇ ಪ್ರಶ್ನೆಯನ್ನು ಹೊತ್ತು ಕಾರವಾರದ ಬೈತಖೋಲ ಬಂದರಿಗೆ ಇಳಿದಿದ್ದೆ.

ನನ್ನ ಚೀಲದಲ್ಲಿ ಆಗ ಎರಡು ಕಟ್ಟುಗಳಿದ್ದವು. ಒಂದು, ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಲೇಖನದ ಜೆರಾಕ್ಸ್ ಪ್ರತಿ. 1997ರಿಂದ 2001ರವರೆಗೆ ಕಾಸರಗೋಡು, ಕಣ್ಣೂರು, ಕೋಳಿಕೋಡ್ ಕರಾವಳಿಗೆ ಮೊಬೈಲ್ ಸೇವೆ ಹಂತಹಂತವಾಗಿ ಬಂದಾಗ ತಾರ್ಲೆ ಮೀನಿನ ಮಾರಾಟದಲ್ಲಿ ಏನಾಯಿತೆಂಬುದನ್ನು ಅವರು ಲೆಕ್ಕ ಹಾಕಿದ್ದರು. ಫೋನ್ ಬರುವ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಹಾಳಾಗುತ್ತಿದ್ದ ದಿನವೇ ಪಕ್ಕದ ದಡದಲ್ಲಿ ಕೊಳ್ಳುವವರು ಬರಿಗೈಯಲ್ಲಿ ಮರಳುತ್ತಿದ್ದರು; ದಿನವೂ ಹಿಡಿದ ಮೀನಿನಲ್ಲಿ ಶೇ. 5ರಿಂದ 8ರಷ್ಟು ವ್ಯರ್ಥವಾಗುತ್ತಿತ್ತು. ಫೋನ್ ಬಂದ ಮೇಲೆ ಈ ನಷ್ಟ ಬಹುಮಟ್ಟಿಗೆ ನಿಂತಿತು, ಮೀನುಗಾರರ ಲಾಭ ಸುಮಾರು ಶೇ. 8ರಷ್ಟು ಏರಿತು, ಗ್ರಾಹಕರಿಗೆ ಬೆಲೆ ಸುಮಾರು ಶೇ. 4ರಷ್ಟು ಇಳಿಯಿತು. ಅದು ಬಹಳ ಶ್ರಮದಿಂದ ಮಾಡಿದ ಅಧ್ಯಯನ. ಅದರ ಬಗ್ಗೆ ನನಗೆ ಈಗಲೂ ಗೌರವವಿದೆ. ಎರಡನೆಯ ಕಟ್ಟು ನನ್ನ ಪ್ರಶ್ನಾವಳಿಯ 120 ಪ್ರತಿಗಳು. ಕಾಸರಗೋಡಿನಲ್ಲಿ ಆದದ್ದು ಕಾರವಾರದಲ್ಲೂ ಆಗಿರಲೇಬೇಕು, ನಾನು ಅದನ್ನು ಬರೆದುಕೊಂಡು ಬಂದರೆ ಸಾಕು ಎಂಬ ನಂಬಿಕೆಯಿಂದ ಅದನ್ನು ತಯಾರಿಸಿದ್ದೆ.

ಐದು ತಿಂಗಳಲ್ಲಿ ಬೈತಖೋಲ, ಮುದಗಾ, ತದಡಿ ಎಲ್ಲವನ್ನೂ ಸುತ್ತಿದೆ. ನನ್ನ 17ನೆಯ ಪ್ರಶ್ನೆ ಹೀಗಿತ್ತು: ‘ಮೊಬೈಲ್‌ನಿಂದ ಬೇರೆ ಮಾರುಕಟ್ಟೆಗಳ ದರ ನಿಮಗೆ ತಿಳಿಯುತ್ತದೆಯೇ? ಹೌದು / ಇಲ್ಲ.’ ಬಹುತೇಕ ಎಲ್ಲರೂ ಹೌದು ಎಂದರು. ಕೆಳಗೆ ‘ಇತರೆ’ ಎಂದು ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದೆ.

ಒಂದು ಬೆಳಿಗ್ಗೆ, ಐವತ್ತು ದಾಟಿದ ಒಬ್ಬ ಗಿಲ್‌ನೆಟ್ ದೋಣಿಯ ಮಾಲೀಕರು ಜೆಟ್ಟಿಯ ಮೇಲೆ ಕುಳಿತು ಬಲೆಯಿಂದ ಬಂಗಡೆ ಬಿಡಿಸುತ್ತಿದ್ದರು. ಅವರ ಫೋನ್ ಪ್ಲಾಸ್ಟಿಕ್ ಕೊಟ್ಟೆಯೊಳಗಿತ್ತು, ಮೇಲೆ ರಬ್ಬರ್ ಬ್ಯಾಂಡ್. ಅದು ರಿಂಗಾಯಿತು. ಕೈತುಂಬ ಮೀನಿನ ಹುರುಪೆ ಇದ್ದುದರಿಂದ ಕೊಟ್ಟೆಯ ಮೇಲಿನಿಂದಲೇ ಹೆಬ್ಬೆರಳಿನಿಂದ ಗುಂಡಿ ಒತ್ತಿ, ಸ್ಪೀಕರ್ ಹಾಕಿ ನೆಲದ ಮೇಲಿಟ್ಟರು. ಮಡಗಾಂವ್‌ನಿಂದ ಯಾರೋ ಅಂದಿನ ದರ ಹೇಳಿದರು. ಇಲ್ಲಿಗಿಂತ ಕಿಲೋಗೆ 20 ರೂಪಾಯಿ ಹೆಚ್ಚಿತ್ತು. ‘ಹಾಂ, ಹಾಂ’ ಎಂದು ಕೇಳಿಸಿಕೊಂಡು, ಬಲೆ ಬಿಡಿಸುವುದನ್ನು ಮುಂದುವರಿಸಿ, ಅರ್ಧ ಗಂಟೆಯ ಮೇಲೆ ಅಷ್ಟೂ ಕ್ರೇಟ್‌ಗಳನ್ನು ದಿನವೂ ಬರುವ ದಲ್ಲಾಳಿಯ ಟೆಂಪೊಗೇ ಏರಿಸಿದರು. ಏಕೆ ಎಂದು ಕೇಳಿದೆ. ‘ರೇಟ್ ಗೊತ್ತಾಯ್ತು ತಮಾ. ಆದ್ರೆ ಈ ಬಲೆ ಅವ್ರ ದುಡ್ಡಿಂದು’ ಎಂದರು.

ನಾನು 17ನೆಯ ಪ್ರಶ್ನೆಗೆ ‘ಹೌದು’ ಎಂದು ಗುರುತು ಹಾಕಿದೆ. ‘ಇತರೆ’ಯಲ್ಲಿ ಪೆನ್ಸಿಲಿನಿಂದ ‘ಬಲೆಗೆ ಮುಂಗಡ, ಮೀನು ಅಲ್ಲಿಗೇ’ ಎಂದು ಗೀಚಿದೆ. ಇಂಥ ಟಿಪ್ಪಣಿಗಳು ನನ್ನ ಬಹಳಷ್ಟು ಹಾಳೆಗಳಲ್ಲಿದ್ದವು: ‘ಎಂಜಿನ್ ರಿಪೇರಿಗೆ ಕೊಟ್ಟವರು’, ‘ಐಸ್ ಮತ್ತು ಡೀಸೆಲ್ ಉದ್ದರಿ’, ‘ಮಗಳ ಮದುವೆಗೆ ತಂದದ್ದು’.

ಈಗ ನನ್ನ ತಪ್ಪನ್ನು ಹೇಳಬೇಕು. ಇದನ್ನು ಉದ್ದಕ್ಕೆ ಹೇಳಿದರೆ ದಯವಿಟ್ಟು ಬೇಸರಿಸಬೇಡಿ, ಏಕೆಂದರೆ ನಿಮ್ಮ ಪ್ರಶ್ನೆಯ ಧಾಟಿಯಲ್ಲಿ ಅದೇ ತಪ್ಪಿನ ಮೊಳಕೆ ನನಗೆ ಕಾಣಿಸುತ್ತಿದೆ. ಸಮೀಕ್ಷೆ ಮುಗಿದ ಮೇಲೆ ಉತ್ತರಗಳನ್ನು ಕಂಪ್ಯೂಟರಿಗೆ ತುಂಬಬೇಕಿತ್ತು. ಹೌದು ಎಂದರೆ 1, ಇಲ್ಲ ಎಂದರೆ 2. ‘ಇತರೆ’ಗೆ ಕೋಡ್ ಇರಲಿಲ್ಲ. ಒಬ್ಬೊಬ್ಬರದು ಒಂದೊಂದು ಮಾತು, ಇದನ್ನು ಸಂಖ್ಯೆಯಾಗಿಸುವುದು ಹೇಗೆ ಎಂದು ಎರಡು ದಿನ ಯೋಚಿಸಿ, ಮೂರನೆಯ ದಿನ ಆ ಕಾಲಮನ್ನೇ ಅಳಿಸಿಬಿಟ್ಟೆ. ಕೆಲಸ ಹಗುರವಾಗಲಿ ಎಂದು ಅಳಿಸಿದ್ದಲ್ಲ. ಅದು ವಿಷಯಕ್ಕೆ ಸಂಬಂಧಿಸಿದ್ದಲ್ಲವೆಂದು ಪ್ರಾಮಾಣಿಕವಾಗಿಯೇ ನಂಬಿದ್ದೆ. ನನ್ನ ವಿಷಯ ಮಾಹಿತಿ. ಸಾಲ ಬೇರೆ ವಿಭಾಗದವರ ವಿಷಯ. ಸಿದ್ಧಾಂತವನ್ನು ಮೊದಲೇ ಆರಿಸಿಕೊಂಡಿದ್ದರಿಂದ ಯಾವುದು ಸಂಗತಿ, ಯಾವುದು ಹೊರಗಿನ ಮಾತು ಎಂಬುದನ್ನು ಆ ಸಿದ್ಧಾಂತವೇ ತೀರ್ಮಾನಿಸಿತ್ತು. ಮೀನುಗಾರರು ನನ್ನ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದರು, ನಾನು ಅದನ್ನು ನನ್ನ ಕೈಯಿಂದಲೇ ಬರೆದುಕೊಂಡಿದ್ದೆ, ಮತ್ತು ನನ್ನ ಕೈಯಿಂದಲೇ ಅಳಿಸಿದೆ. ಉಳಿದದ್ದು ಒಂದು ಕೋಷ್ಟಕ: ಬಹುತೇಕ ಎಲ್ಲರಿಗೂ ದರ ತಿಳಿಯುತ್ತದೆ. ಅದರ ಕೆಳಗೆ ಕ್ಯಾಸ್ಟೆಲ್ಸ್ ಅವರನ್ನು ಉಲ್ಲೇಖಿಸಿ, ಕಾರವಾರದ ಮೀನುಗಾರರು ‘ಜಾಲ ಸಮಾಜ’ದ, ಅಂದರೆ ಮಾಹಿತಿಯ ಜಾಲಗಳಿಂದ ಹೆಣೆದ ಸಮಾಜದ, ಭಾಗವಾಗಿದ್ದಾರೆ ಎಂದು ಬರೆದೆ.

ಪರೀಕ್ಷಕರಲ್ಲಿ ಒಬ್ಬರು ಒಂದೇ ಪ್ರಶ್ನೆ ಕೇಳಿದರು: ‘ದರ ತಿಳಿದ ಮೇಲೆ ಅವರು ಏನು ಮಾಡಿದರು?’ ನನ್ನ ಪ್ರಬಂಧದಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ. ಪ್ರಬಂಧ ವಾಪಸಾಯಿತು. ಕ್ಷೇತ್ರಕಾರ್ಯವನ್ನು ಮತ್ತೆ ಮಾಡುವಷ್ಟರಲ್ಲಿ ಫೆಲೊಶಿಪ್ ಮುಗಿದಿತ್ತು. ನಾನು ಪಾಠ ಹೇಳುವ ಕೆಲಸಕ್ಕೆ ಸೇರಿಕೊಂಡೆ. 2013ರಲ್ಲಿ ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ ಎಂಬ ಇಬ್ಬರು ಸಂಶೋಧಕರು ಕೇರಳದ ಅದೇ ಪ್ರಶ್ನೆಯನ್ನು ಮತ್ತೆ ಪರಿಶೀಲಿಸಿದ ಲೇಖನ ಬಂತು. ದೋಣಿಯ ಬಗೆ, ಸಾಲ, ದಲ್ಲಾಳಿಯೊಂದಿಗಿನ ಸಂಬಂಧ ಇವುಗಳನ್ನು ಬಿಟ್ಟು ಫೋನಿನ ಪರಿಣಾಮವನ್ನು ಅಳೆಯಲಾಗದು ಎಂಬ ಅವರ ಮಾತನ್ನು ಓದುವಾಗ ನನಗೆ ಆ ಪೆನ್ಸಿಲ್ ಅಕ್ಷರಗಳೇ ಕಣ್ಣಮುಂದೆ ಬಂದವು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ‘ನಮ್ಮ ಕರಾವಳಿ ಮಾಹಿತಿ ಸಮಾಜವಾಗಿದೆ’ ಎಂದು ತೋರಿಸಹೊರಟರೆ ನೀವು ಎಣಿಸಲು ಕುಳಿತುಕೊಳ್ಳುತ್ತೀರಿ. ಈ ಎಣಿಕೆಗೆ ದೊಡ್ಡ ಪರಂಪರೆಯೇ ಇದೆ. ಅರ್ಥಶಾಸ್ತ್ರಜ್ಞ ಫ್ರಿಟ್ಜ್ ಮ್ಯಾಕ್ಲಪ್ 1962ರಲ್ಲಿ ಅಮೆರಿಕದ ಆರ್ಥಿಕತೆಯಲ್ಲಿ ಜ್ಞಾನೋದ್ಯಮಗಳ ಪಾಲನ್ನು ಲೆಕ್ಕ ಹಾಕಿದರು. ಮಾರ್ಕ್ ಪೊರಾಟ್ 1977ರಲ್ಲಿ, 1967ರ ಅಮೆರಿಕದ ರಾಷ್ಟ್ರೀಯ ಉತ್ಪನ್ನದ ಶೇ. 46ರಷ್ಟು ಮಾಹಿತಿ ಚಟುವಟಿಕೆಗಳಿಂದ ಬರುತ್ತದೆ ಎಂದರು. ಬೆಲ್ 1973ರ ಪುಸ್ತಕದಲ್ಲಿ ಕೈಗಾರಿಕೋತ್ತರ ಸಮಾಜವನ್ನು ಕಂಡದ್ದೂ ಮುಖ್ಯವಾಗಿ ಉದ್ಯೋಗಗಳು ಸೇವೆಯ ಕಡೆಗೆ ಸರಿದ ಅಂಕಿಗಳಲ್ಲಿ. ಈ ಲೆಕ್ಕದಲ್ಲಿ ದಲ್ಲಾಳಿಯ ಗುಮಾಸ್ತ ಮಾಹಿತಿ ಕೆಲಸಗಾರನಾಗುತ್ತಾನೆ. ಯಾವ ಬೀದಿಯಲ್ಲಿ ಯಾವ ವಾರ ಯಾವ ಮೀನು ಹೋಗುತ್ತದೆ, ಯಾರ ಮನೆಯಲ್ಲಿ ಸೋಮವಾರ ಮೀನು ಮುಟ್ಟುವುದಿಲ್ಲ ಎಂಬುದೆಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಬುಟ್ಟಿ ಹೊತ್ತು ನಡೆಯುವ ಹೆಂಗಸು ಆಗುವುದಿಲ್ಲ. 1995ರಲ್ಲಿ ಸಮಾಜಶಾಸ್ತ್ರಜ್ಞ ಫ್ರಾಂಕ್ ವೆಬ್‌ಸ್ಟರ್ ಈ ವಾದಗಳನ್ನು ತಂತ್ರಜ್ಞಾನ, ಆರ್ಥಿಕತೆ, ಉದ್ಯೋಗ, ಸ್ಥಳ, ಸಂಸ್ಕೃತಿ ಎಂದು ಐದು ಬಗೆಯಾಗಿ ವಿಂಗಡಿಸಿ, ಮಾಹಿತಿಯ ಪ್ರಮಾಣ ಹೆಚ್ಚಿತೆಂದ ಮಾತ್ರಕ್ಕೆ ಸಮಾಜವೇ ಬೇರೆಯಾಯಿತು ಎನ್ನಲಾಗದು ಎಂದು ಬರೆದರು. ನೀವು ಓದಲೇಬೇಕಾದ ಒಬ್ಬರನ್ನು ಹೆಸರಿಸು ಎಂದರೆ ನಾನು ಅವರನ್ನೇ ಹೆಸರಿಸುತ್ತೇನೆ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಉತ್ತಮ ಹೋಲಿಕೆ ಇದೆ. ಘಟ್ಟ ಹತ್ತಿ ಶಿರಸಿಗೆ ಹೋಗಿ. ಅಡಿಕೆ ಬೆಳೆಗಾರರ ಕೈಯಲ್ಲಿರುವುದೂ ಅದೇ ಫೋನ್. ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ಟೆಂಡರ್ ದರ ದಿನವೂ ಅವರನ್ನು ತಲುಪುತ್ತದೆ. ದರ ಇಳಿದಿದ್ದರೆ ಅನುಕೂಲವಿದ್ದವರು ಒಣಗಿಸಿದ ಅಡಿಕೆಯನ್ನು ಚೀಲ ಕಟ್ಟಿ ಇಟ್ಟುಕೊಂಡು ತಿಂಗಳುಗಟ್ಟಲೆ ಕಾಯುತ್ತಾರೆ. ಸಾಲ ಅವರಿಗೂ ಇದೆ. ಆದರೆ ಬಹಳಷ್ಟು ಮಂದಿಗೆ ಅದು ತಾವೇ ಸದಸ್ಯರಾಗಿರುವ ಸಹಕಾರ ಸಂಘದ ಸಾಲ. ಬಂಗಡೆಗೆ ಸಂಜೆಯವರೆಗೆ ಕಾಯುವ ಶಕ್ತಿಯೂ ಇಲ್ಲ, ಐಸ್ ಕೂಡ ಉದ್ದರಿಯದೇ. ಒಂದೇ ಜಿಲ್ಲೆ, ಒಂದೇ ಬಗೆಯ ಫೋನ್. ತಿಳಿದ ದರ ಒಬ್ಬರಿಗೆ ಚೌಕಾಶಿಯ ಬಲವಾಗುತ್ತದೆ, ಇನ್ನೊಬ್ಬರಿಗೆ ಕೇಳಿ ಬಿಡುವ ಸುದ್ದಿಯಾಗುತ್ತದೆ. ಬೆಲ್ ಇದನ್ನು ವಿವರಿಸಲಾರರು. 1996ರಿಂದ 1998ರ ನಡುವೆ ಮೂರು ಸಂಪುಟಗಳಲ್ಲಿ ಬರೆದ ಕ್ಯಾಸ್ಟೆಲ್ಸ್ ಒಂದಿಷ್ಟು ನೆರವಾಗುತ್ತಾರೆ, ಏಕೆಂದರೆ ಜಾಲಗಳು ತಮಗೆ ಬೇಕಾದವರನ್ನು ಸೇರಿಸಿಕೊಂಡು ಬೇಡದವರನ್ನು ಹೊರಗಿಡುತ್ತವೆ ಎಂಬುದನ್ನು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ಬೈತಖೋಲದ ಆ ಮಾಲೀಕರು ಜಾಲದ ಹೊರಗಿರಲಿಲ್ಲ. ಫೋನ್ ಅವರಿಗೇ ಬಂದಿತ್ತು. ಒಳಗಿದ್ದೂ ಕಟ್ಟಿಹಾಕಿಸಿಕೊಂಡವರ ಬಗ್ಗೆ ಬರೆಯುವುದು ನಿಮಗೆ ಉಳಿದಿರುವ ಕೆಲಸ.

ಸಿದ್ಧಾಂತದ ಆಯ್ಕೆಯನ್ನು ಮುಂದಕ್ಕೆ ಹಾಕಿ. ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ 61 ದಿನಗಳಲ್ಲಿ ಬಂದರಿಗೆ ಹೋಗಿ. ಬಲೆ ರಿಪೇರಿ ಮಾಡುತ್ತ ಕುಳಿತಿರುವವರಿಗೆ ಆಗ ಮಾತಿಗೆ ಸಮಯವಿರುತ್ತದೆ. ಮುಂದಿನ ಹಂಗಾಮಿಗೆ ಯಾರು ಯಾರಿಂದ ಎಷ್ಟು ತಂದರೆಂಬ ಮಾತೂ ಆಗಲೇ ಬರುತ್ತದೆ. ಮೊಬೈಲ್ ಇದೆಯೇ ಎಂದು ಕೇಳಲೇಬೇಡಿ. ನಿಷೇಧಕ್ಕೆ ಮುಂಚಿನ ವಾರ ಬಂದ ಒಂದು ಕರೆಯನ್ನು ನೆನಪಿಸಿಕೊಳ್ಳಲು ಹೇಳಿ, ಅದಾದ ಮೇಲೆ ಆ ದಿನದ ಮೀನು ಯಾರ ಗಾಡಿ ಹತ್ತಿತು ಎಂಬುದರವರೆಗೆ ಕೇಳುತ್ತ ಹೋಗಿ. ನನ್ನ 120 ಹಾಳೆಗಳು ಕುಮಟಾದ ಮನೆಯ ಟ್ರಂಕಿನಲ್ಲಿವೆ. ಪೆನ್ಸಿಲ್ ಮಾಸಿದ್ದರೂ ‘ಇತರೆ’ಯಲ್ಲಿ ಬರೆದದ್ದು ಓದಲು ಬರುತ್ತದೆ. ಹೆಸರುಗಳನ್ನು ಮುಚ್ಚಿ ಪ್ರತಿ ಮಾಡಿಕೊಡುತ್ತೇನೆ. ಬೇಕಿದ್ದರೆ ಈ ಉತ್ತರದ ಕೆಳಗೆ ತಿಳಿಸಿ.