ಮೆಲಟೋನಿನ್ ಮಾತ್ರೆ ಮಧುಮೇಹಿಗಳ ಮೂತ್ರಪಿಂಡವನ್ನು ಕಾಯುತ್ತದೆಯೇ?

ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ನಿಮ್ಮ ತಂದೆಯವರ ಮೂತ್ರದಲ್ಲಿ ಈಚೆಗೆ ಅಲ್ಬುಮಿನ್ (ಮೂತ್ರಪಿಂಡಕ್ಕೆ ಪೆಟ್ಟಾದಾಗ ಸೋರುವ ರಕ್ತದ ಪ್ರೋಟೀನ್) ಕಂಡಿದೆ, ಗದಗಿನ ಪರಿಚಯದವರೊಬ್ಬರು ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಕೊಟ್ಟರೆ ಕಿಡ್ನಿ ಉಳಿಯುತ್ತದೆ ಎಂದಿದ್ದಾರೆ, ಕೊಡಬಹುದೇ ಎಂದು ಕೇಳಿದ್ದೀರಿ. ಆ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದರ ಬಹುಪಾಲು ಆಧಾರ ಮಧುಮೇಹ ಬರಿಸಿದ ಇಲಿಗಳ ಮೇಲಿನ ಪ್ರಯೋಗಗಳದ್ದು.

ಧಾರವಾಡದಲ್ಲಿ ಔಷಧಶಾಸ್ತ್ರ ಓದುವಾಗ ಇಂಥ ಇಲಿಗಳನ್ನು ನಾನೇ ನೋಡಿಕೊಂಡಿದ್ದೇನೆ. ಮಧುಮೇಹ ಬರಿಸಲು ಸ್ಟ್ರೆಪ್ಟೊಜೋಟೊಸಿನ್ ಎಂಬ ರಾಸಾಯನಿಕ ಚುಚ್ಚಿದ ಎರಡು-ಮೂರು ದಿನಗಳಲ್ಲಿ ಅವುಗಳ ಸಕ್ಕರೆ ಏರಿಬಿಡುತ್ತಿತ್ತು. ಸಂಜೆ ಹಾಸಿದ ಭತ್ತದ ಹೊಟ್ಟು ಬೆಳಗಾಗುವಷ್ಟರಲ್ಲಿ ತೊಪ್ಪೆಯಾಗಿ, ನೀರಿನ ಬಾಟಲಿ ಬರಿದಾಗಿರುತ್ತಿತ್ತು. ಈ ರಾಸಾಯನಿಕವು ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುವುದಲ್ಲದೆ ಮೂತ್ರಪಿಂಡಕ್ಕೂ ನೇರವಾಗಿ ಪೆಟ್ಟು ಕೊಡುತ್ತದೆ, ಮತ್ತು ಎರಡೂ ಕಡೆ ಹಾನಿಯಲ್ಲಿ ಕೋಶಗಳನ್ನು ಕೆಡಿಸುವ ಉತ್ಕರ್ಷಣಕಾರಿ ಅಣುಗಳ ಪಾಲೂ ಇದೆ. ಮೆಲಟೋನಿನ್ ಅಂಥ ಅಣುಗಳನ್ನು ತಣಿಸುವ ವಸ್ತುವಾದ್ದರಿಂದ ಅದು ಇಲಿಯನ್ನು ಕಾಪಾಡಿದಾಗ, ತಡೆದದ್ದು ಮಧುಮೇಹದ ಹಾನಿಯನ್ನೋ ಚುಚ್ಚಿದ ವಿಷದ ಹಾನಿಯನ್ನೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಪ್ರಮಾಣವನ್ನೂ ನೋಡಿ: ಇಲಿಗಳಿಗೆ ಕೊಡುವುದು ಹೆಚ್ಚಾಗಿ ಕಿಲೋ ತೂಕಕ್ಕೆ 10 ಮಿಲಿಗ್ರಾಂ. ಪ್ರಾಣಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸಲು ಬಳಸುವ ಮೈಯ ಮೇಲ್ಮೈ ಲೆಕ್ಕದಲ್ಲಿ ಇಳಿಸಿದರೂ 60 ಕಿಲೋ ತೂಗುವವರಿಗೆ ಅದು ಸುಮಾರು 97 ಮಿಲಿಗ್ರಾಂ ಆಗುತ್ತದೆ. ಅಂಗಡಿಯ ಮಾತ್ರೆಯಲ್ಲಿರುವುದು 3 ಅಥವಾ 5.

ಇನ್ನೊಂದು ತೊಡಕನ್ನು ಯಾರೂ ಹೇಳುವುದಿಲ್ಲ. ಇಲಿ ಮೆಲಟೋನಿನ್ ಏರುವ ರಾತ್ರಿಯಲ್ಲೇ ಎದ್ದು ತಿನ್ನುವ ಪ್ರಾಣಿ. ನಮಗೆ ಅದು ಉಪವಾಸದ ಹೊತ್ತು, ಆಗ ಈ ಹಾರ್ಮೋನು ಇನ್ಸುಲಿನ್ ಸ್ರವಿಕೆಯನ್ನು ತಗ್ಗಿಸಬಲ್ಲದು. ನಮ್ಮ ಕಡೆಯ ಪದ್ಧತಿಯಂತೆ ರಾತ್ರಿ ಹತ್ತಕ್ಕೆ ರೊಟ್ಟಿ-ಅನ್ನ ಉಂಡು ಕೈತೊಳೆದ ಕೂಡಲೇ ಮಾತ್ರೆ ನುಂಗಿದರೆ ಊಟದ ಸಕ್ಕರೆ ಬೇಗ ಇಳಿಯದಿರಬಹುದು.

ಮೂತ್ರಪಿಂಡದ ವಿಷಯದಲ್ಲಿ ಮನುಷ್ಯರ ಮೇಲೆ ಗಟ್ಟಿಯಾದ ಪುರಾವೆ ಇರುವುದು ಬೇರೊಂದು ಹಾರ್ಮೋನಿನ ದಾರಿಗೆ, ಅಂದರೆ ಕರುಳಿನಲ್ಲಿ ಹುಟ್ಟುವ ಜಿಎಲ್‌ಪಿ-1ಕ್ಕೆ. ರಕ್ತದಲ್ಲಿ ಒಂದೆರಡು ನಿಮಿಷಗಳಲ್ಲೇ ಅರ್ಧಕ್ಕಿಳಿಯುವ ಅದನ್ನು ಹೋಲುವಂತೆ, ಆದರೆ ವಾರವಿಡೀ ಉಳಿಯುವಂತೆ ಮಾಡಿದ ಔಷಧ ಸೆಮಾಗ್ಲುಟೈಡ್. ಟೈಪ್ 2 ಮಧುಮೇಹದ ಜೊತೆಗೆ ಮೂತ್ರಪಿಂಡದ ಕಾಯಿಲೆಯೂ ಇದ್ದ 3,533 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಫ್ಲೋ ಎಂಬ ಪ್ರಯೋಗದಲ್ಲಿ, ವಾರಕ್ಕೆ 1 ಮಿಲಿಗ್ರಾಂ ಚುಚ್ಚುಮದ್ದು ಪಡೆದವರಲ್ಲಿ ಮೂತ್ರಪಿಂಡದ ಗಂಭೀರ ತೊಂದರೆಗಳ ಅಪಾಯ ಶೇ. 24ರಷ್ಟು ಕಡಿಮೆಯಿತ್ತು.

ಹಾಗಾಗಿ ಮೊದಲು ಬೆಳಗಿನ ಮೂತ್ರದಲ್ಲಿ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತವನ್ನು ಮತ್ತೊಮ್ಮೆ ಪರೀಕ್ಷಿಸಿ, ಮೂತ್ರಪಿಂಡವನ್ನೂ ಕಾಯಲು ಬಳಸುವ, ರಕ್ತದೊತ್ತಡದ ಟೆಲ್ಮಿಸಾರ್ಟಾನ್, ಸಕ್ಕರೆಯ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ತಂದೆಯವರಿಗೆ ಹೊಂದುತ್ತವೆಯೇ ಎಂದು ವೈದ್ಯರನ್ನು ಕೇಳಿ. ಮೆಲಟೋನಿನನ್ನು ಅವರು ನಿದ್ದೆಗೆಂದೇ ಬರೆದುಕೊಟ್ಟರೆ, ರಾತ್ರಿಯ ಊಟವನ್ನು ಮಾತ್ರೆಗಿಂತ ಎರಡು ತಾಸು ಮುಂಚೆಯೇ ಮುಗಿಸಿಡಿ.